ಆಟವೂ ವೃತ್ತಿಯೂ: ಹಾಕಿ ಆಟಗಾರನ ಜೀವನಮಾರ್ಗವನ್ನು ಕುರಿತು

“ಆಟದಿಂದ ಹೊಟ್ಟೆ ತುಂಬೀತೇ?” ಎಂಬ ಪ್ರಶ್ನೆ ನಮ್ಮ ಸೀಮೆಯ ಪಾಲಕರ ಬಾಯಲ್ಲಿ ಬಹುಕಾಲದಿಂದ ಇರುವಂಥದು. ಓಟದಲ್ಲಿಯೋ ಕಬಡ್ಡಿಯಲ್ಲಿಯೋ ಮುಂದಾದ ಹುಡುಗನೊಬ್ಬನನ್ನು ಕ್ರೀಡಾ ವಸತಿನಿಲಯಕ್ಕೆ ಕಳುಹಿಸಬಹುದೆಂದು ವ್ಯಾಯಾಮ ಶಿಕ್ಷಕರು ಸೂಚಿಸಿದ ಕೂಡಲೆ ಈ ಪ್ರಶ್ನೆ ಎದ್ದು ನಿಲ್ಲುತ್ತದೆ. ಕೇಳುವವರನ್ನು ಹಳಿಯುವಂತಿಲ್ಲ. ಎರಡೆಕರೆ ಅಡಕೆ ತೋಟವನ್ನೋ ಭದ್ರಾ ನಾಲೆಯ ನೀರುಂಡ ಗದ್ದೆಯನ್ನೋ ನಂಬಿದ ಮನೆಯವರಿಗೆ ಮಗನ ಮುಂದಿನ ನಲವತ್ತು ವರ್ಷಗಳ ಅನ್ನದ ಚಿಂತೆ ಇರುವುದು ಸಹಜ. ಉತ್ಸಾಹದ ಮಾತುಗಳಿಂದ ಅವರ ಬಾಯಿ ಕಟ್ಟಬಹುದು, ಚಿಂತೆ ಕಳೆಯುವುದಿಲ್ಲ. ಆದುದರಿಂದ ಆಟವನ್ನೇ ನೆಚ್ಚಿದ ಕೆಲವರ ಬಾಳು ವಾಸ್ತವವಾಗಿ ಹೇಗೆ ನಡೆಯಿತೆಂಬುದನ್ನು ವಿಚಾರಿಸಿ ನೋಡುವುದು ಮೇಲೆಂದು ತೋರಿ ಈ ಲೇಖನಕ್ಕೆ ಕೈಯಿಟ್ಟಿದ್ದೇನೆ. ಹಾಕಿ ಆಟವನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಕನ್ನಡನಾಡಿನ ಒಂದು ಸಣ್ಣ ಜಿಲ್ಲೆಯಾದ ಕೊಡಗಿನಿಂದ ಲೋಕದ ಕ್ರೀಡಾಂಗಣಗಳಿಗೆ ಹೋದವರ ಪರಂಪರೆ ಈ ಆಟದಲ್ಲಿ ಅರ್ಧಶತಮಾನಕ್ಕೂ ಮಿಕ್ಕು ಬೆಳೆದಿದೆ. ತಲೆಮಾರಿನಿಂದ ತಲೆಮಾರಿಗೆ ಆಟಗಾರನ ಅನ್ನದ ದಾರಿ ಹೇಗೆ ಬದಲಾಯಿತೆಂಬುದನ್ನು ಅಲ್ಲಿ ಸ್ಪಷ್ಟವಾಗಿ ಕಾಣಬಹುದು.

ಕನ್ನಡ ಪಂಡಿತನಿಗೆ ಆಟದ ಗೊಡವೆ ಏಕೆಂದು ಕೇಳುವವರಿದ್ದಾರೆ. ಆಟದ ಮರ್ಮ ಆಡಿದವರಿಗೆ ಗೊತ್ತು. ಆದರೆ ‘ವೃತ್ತಿ’ ಎಂಬ ಶಬ್ದ ಪಂಡಿತರ ಸರಕು. ‘ವೃತ್’ ಧಾತುವಿಗೆ ಇರು, ನಡೆ, ತಿರುಗು ಎಂಬ ಅರ್ಥಗಳು. ಅದರಿಂದ ಹುಟ್ಟಿದ ವೃತ್ತಿ ಶಬ್ದಕ್ಕೆ ವ್ಯಾಕರಣದಲ್ಲಿ ಸೂತ್ರಗಳ ವಿವರಣೆಯೆಂದು ಒಂದು ಅರ್ಥ. ನಾಟ್ಯಶಾಸ್ತ್ರದಲ್ಲಿ ಕೈಶಿಕೀ ಮೊದಲಾದ ಪ್ರಯೋಗರೀತಿಗಳೆಂದು ಇನ್ನೊಂದು. ನಮ್ಮ ಶಾಸನಗಳಲ್ಲಿಯಾದರೋ ವೃತ್ತಿಯೆಂದರೆ ಜೀವನಾಧಾರಕ್ಕಾಗಿ ಬಿಟ್ಟುಕೊಟ್ಟ ಭೂಮಿಯ ಪಾಲು. ಅದು ಅಂದಂದಿನ ಕೆಲಸಕ್ಕೆ ಅಳೆದುಕೊಟ್ಟ ಕೂಲಿಯಲ್ಲ. ಕೆಲಸ ನಡೆಯುತ್ತಿರಬೇಕಾದರೆ ಮಾಡುವವನು ನಿಶ್ಚಿಂತನಾಗಿರಬೇಕೆಂಬ ಭಾವದಿಂದ ಕೊಟ್ಟ ನೆಲೆ. ಇಂದು ನಾವು ‘ವೃತ್ತಿಪರ ಆಟಗಾರ’ ಎಂದಾಗ ಹಣಕ್ಕಾಗಿ ಆಡುವವನೆಂದಷ್ಟೇ ಭಾವಿಸುತ್ತೇವೆ. ವೃತ್ತಿ ನಾಟಕ ಕಂಪನಿಗಳನ್ನು ಕಂಡ ಹಿರಿಯರಿಗೆ ಇದರ ಅಂತರ ಬೇಗ ತಿಳಿದೀತು: ಕಂಪನಿಯ ನಟನಿಗೆ ಊಟ, ಬಿಡಾರ, ಸಂಬಳ ಎಲ್ಲವೂ ಕಂಪನಿಯದೇ, ಕಂಪನಿ ಮುಚ್ಚಿದ ದಿನ ಅವನ ರಾಜವೇಷವೂ ಕಳಚಿತು. ಹವ್ಯಾಸಿ ನಟನು ಹಗಲು ಕಚೇರಿಯಲ್ಲಿ ಗುಮಾಸ್ತ, ರಾತ್ರಿ ರಂಗದ ಮೇಲೆ ಹರಿಶ್ಚಂದ್ರ. ನಮ್ಮ ದೇಶದ ಹಾಕಿ ಆಟಗಾರನು ಈ ಎರಡರ ನಡುವಣ ಒಂದು ವಿಚಿತ್ರ ಸ್ಥಾನದಲ್ಲಿ ಬದುಕಿ ಬಂದವನು.

ಈ ಸ್ಥಾನ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಮಲ್ಲರನ್ನು ಬಲ, ವಯಸ್ಸುಗಳಿಗೆ ಅನುಸಾರವಾಗಿ ವಿಂಗಡಿಸುವ ಕ್ರಮ, ಅವರಿಗೆ ಕೊಡತಕ್ಕ ಆಹಾರ, ನಿತ್ಯವೂ ಮಾಡಿಸತಕ್ಕ ಸಾಧನೆ ಇವೆಲ್ಲ ಅಲ್ಲಿ ನಿರೂಪಿತವಾಗಿವೆ. ಅರಮನೆಯ ಅನ್ನ ತಿಂದು, ಅರಮನೆಯ ಕಣದಲ್ಲಿ ಸೆಣಸುವ ಆ ಮಲ್ಲನು ವೃತ್ತಿಯವನೇ ಸರಿ. ಮುಂದೆ ಮೈಸೂರಿನ ಒಡೆಯರ ಕಾಲದವರೆಗೂ ಗರಡಿಮನೆಯ ಪೈಲ್ವಾನರಿಗೆ ಅರಮನೆಯ ಆಶ್ರಯ ಇತ್ತೆಂಬುದನ್ನು ಬಲ್ಲೆವು. ಅರಮನೆಯ ಜಾಗಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಬಂದವು ಸೇನೆ, ರೈಲ್ವೆ, ಬ್ಯಾಂಕು, ತೈಲ ಸಂಸ್ಥೆಗಳು. ಆಶ್ರಯದಾತನ ಹೆಸರು ಬದಲಾಯಿತು. ಆಶ್ರಯದ ಬಗೆ ಬದಲಾಗಲಿಲ್ಲ.

ಇದಕ್ಕೆ ತೀರ ಭಿನ್ನವಾದ ವ್ಯವಸ್ಥೆಯೊಂದನ್ನು ನೋಡಬೇಕಾದರೆ ಕೆನಡಾ ದೇಶದ ಹಿಮದ ಹಾಕಿಯ ಕಡೆಗೆ ಕಣ್ಣು ಹಾಯಿಸಬೇಕು. ವಾಚಕರು ಹೀಗೆ ಕಲ್ಪಿಸಿಕೊಳ್ಳಲಿ: ನಮ್ಮ ಸೂಳೆಕೆರೆಯ, ಎಂದರೆ ಶಾಂತಿಸಾಗರದ, ನೀರು ಒಂದು ರಾತ್ರಿ ಕಲ್ಲಿನಂತೆ ಗಟ್ಟಿಯಾಗಿ, ಬೆಳಗಾಗುವಾಗ ಊರ ಮಕ್ಕಳೆಲ್ಲ ಅಡಿಗೆ ಉಕ್ಕಿನ ಅಲಗು ಕಟ್ಟಿದ ಪಾದರಕ್ಷೆ ಮೆಟ್ಟಿ ಅದರ ಮೇಲೆ ಜಾರುತ್ತ ಕೋಲಾಟವಾಡಿದರೆ ಹೇಗೋ ಹಾಗೆ ಆ ಆಟ. ಚೆಂಡಿಗೆ ಬದಲು ಮೂರು ಅಂಗುಲ ಅಡ್ಡಳತೆಯ, ಒಂದು ಅಂಗುಲ ದಪ್ಪದ ರಬ್ಬರಿನ ಬಿಲ್ಲೆ. ಕಡೆಗೆ ಆರು ಜನ. ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಅವಧಿ. ಓಟದ ವೇಗ ಎಷ್ಟೆಂದರೆ ಒಂದು ನಿಮಿಷವೂ ತುಂಬುವ ಮೊದಲೇ ಆಡುವವರು ಹೊರಬಂದು ಬೇರೆಯವರು ಒಳಗೆ ಹೋಗುತ್ತಾರೆ. ನಮ್ಮ ದೇಶದಲ್ಲಿಯೂ ಲಡಾಖಿನವರು ಚಳಿಗಾಲದಲ್ಲಿ ಇದನ್ನಾಡುತ್ತಾರೆ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1917ರಲ್ಲಿ ‘ನ್ಯಾಷನಲ್ ಹಾಕಿ ಲೀಗ್’ ಎಂಬ ಕೂಟ ಸ್ಥಾಪಿತವಾಯಿತು. ಕೆನಡಾ ಮತ್ತು ಅಮೆರಿಕಗಳ ಸಂಘಗಳು ಅದರಲ್ಲಿ ಸೇರಿ, 2021ರ ಹೊತ್ತಿಗೆ ಅವುಗಳ ಸಂಖ್ಯೆ 32ಕ್ಕೆ ಏರಿತು. ಒಂದು ಋತುವಿನಲ್ಲಿ ಒಂದೊಂದು ಸಂಘ ಆಡುವ ಪಂದ್ಯಗಳು ಎಂಬತ್ತಕ್ಕೂ ಹೆಚ್ಚು. ಅಲ್ಲಿನ ಆಟಗಾರನಿಗೆ ಬೇರೆ ಉದ್ಯೋಗವಿಲ್ಲ. ಪ್ರೇಕ್ಷಕರು ಕೊಟ್ಟ ಹಣ ಸಂಘಕ್ಕೆ, ಸಂಘದ ಒಪ್ಪಂದದಂತೆ ಸಂಬಳ ಅವನಿಗೆ. ಶುದ್ಧವಾದ ಕಂಪನಿ ನಾಟಕ.

ಈ ಶುದ್ಧ ವೃತ್ತಿಯಲ್ಲಿ ಆಟಗಾರನು ಸುಖಿಯೇ? ಗಾರ್ಡಿ ಹೋವ್ ಎಂಬವರ ಬಾಳನ್ನು ನೋಡೋಣ. 1928ರಲ್ಲಿ ಕೆನಡಾದ ಗೋಧಿ ಬೆಳೆಯುವ ಬಯಲುಸೀಮೆಯಲ್ಲಿ ಹುಟ್ಟಿದ ಇವರು 1946ರಲ್ಲಿ, ಹದಿನೆಂಟರ ಹರೆಯದಲ್ಲಿ, ಡೆಟ್ರಾಯಿಟ್ ನಗರದ ಸಂಘ ಸೇರಿದರು. ಆ ಕಾಲದ ಕಟ್ಟಳೆಯಂತೆ ಒಂದು ಸಂಘಕ್ಕೆ ಸಹಿ ಹಾಕಿದವನು ಸಂಘದವರಾಗಿ ಬಿಡುವವರೆಗೆ ಅಲ್ಲಿಗೇ ಸೇರಿದವನು. ಒಬ್ಬನ ಸಂಬಳ ಇನ್ನೊಬ್ಬನಿಗೆ ತಿಳಿಯದು. ಕೇಳುವುದು ಸಭ್ಯತೆಯೂ ಅಲ್ಲ. ಇಪ್ಪತ್ತು ವರ್ಷಗಳಿಗೂ ಮೀರಿ ಆಡಿ, ಆ ಆಟದ ಅಗ್ರಗಣ್ಯನೆಂದು ಎರಡು ದೇಶಗಳಲ್ಲಿ ಕೀರ್ತಿತನಾದ ಮೇಲೆ, 1968ರ ಸುಮಾರಿಗೆ, ತಮ್ಮದೇ ತಂಡದ ಮತ್ತೊಬ್ಬ ಆಟಗಾರನಿಗೆ ತಮಗಿಂತ ಬಹಳ ಹೆಚ್ಚು ಸಂಬಳವಿದೆಯೆಂಬುದು ಹೋವ್ ಅವರಿಗೆ ತಿಳಿಯಿತು! ಒಡೆಯರ ಬಳಿಗೆ ಹೋಗಿ ಕೇಳಿದರು. ಒಡೆಯರು ಕೂಡಲೆ ಕೊಡಲು ಒಪ್ಪಿದರು. ಅಷ್ಟು ಸುಲಭವಾಗಿ ಒಪ್ಪಿದರೆಂಬುದೇ ಇಷ್ಟು ವರ್ಷ ಕೊಡದೆ ಉಳಿಸಿಕೊಂಡದ್ದೆಷ್ಟು ಎಂಬುದಕ್ಕೆ ಸಾಕ್ಷಿ. ಆಟಗಾರರೆಲ್ಲ ಕೂಡಿ ತಮ್ಮದೊಂದು ಸಂಘಟನೆಯನ್ನು ಭದ್ರವಾಗಿ ಕಟ್ಟಿಕೊಂಡದ್ದೂ ಅದೇ ಕಾಲದಲ್ಲಿ, 1967ರಲ್ಲಿ. ಹೋವ್ ಅವರು 1971ರಲ್ಲಿ ಮಣಿಕಟ್ಟಿನ ನೋವಿನಿಂದ ನಿವೃತ್ತರಾಗಿ, ಎರಡು ವರ್ಷಗಳ ತರುವಾಯ ಪ್ರತಿಸ್ಪರ್ಧಿ ಕೂಟವೊಂದರಲ್ಲಿ ತಮ್ಮ ಇಬ್ಬರು ಮಕ್ಕಳೊಡನೆ ಮರಳಿ ಕಣಕ್ಕಿಳಿದು, 1980ರಲ್ಲಿ ಐವತ್ತೆರಡು ತುಂಬಿದ ಮೇಲೆ ಕೋಲು ಕೆಳಗಿಟ್ಟರು. ಇದು ಸಾಮಾನ್ಯರಿಗೆ ದೃಷ್ಟಾಂತವಾಗದು, ಕೋಟಿಗೊಬ್ಬನ ಮೈಕಟ್ಟು. ಹೆಚ್ಚಿನವರ ಆಟ ಮೂವತ್ತರ ಆಸುಪಾಸಿನಲ್ಲಿ ಮುಗಿಯುತ್ತದೆ.

ಈಗ ನಮ್ಮ ನಾಡಿಗೆ ಬರೋಣ. ಕೊಡಗಿಗೂ ಸೇನೆಗೂ ಇರುವ ನಂಟು ಲೋಕವಿದಿತ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರ ಹೆಸರುಗಳನ್ನು ನಮ್ಮ ಮಕ್ಕಳೂ ಬಲ್ಲರು. ದಂಡಿನ ಪ್ರದೇಶಗಳಲ್ಲಿ ಬೆಳೆದ ಹಾಕಿ ಆಟವು ರಜೆಗೆ ಊರಿಗೆ ಬರುವ ಸೈನಿಕರ ಜೊತೆಯಲ್ಲಿ ಕಾಫಿ ತೋಟಗಳ ನಡುವಣ ಬಯಲುಗಳಿಗೆ ಬಂದು ನೆಲೆಸಿತು. ಬೆಂಗಳೂರಿನ ಹಾಕಿ ಕ್ರೀಡಾಂಗಣಕ್ಕೆ ಕಾರ್ಯಪ್ಪನವರ ಹೆಸರಿರುವುದು ಈ ನಂಟಿಗೆ ತಕ್ಕ ಗುರುತು.

ಮೊಳ್ಳೇರ ಪೂವಯ್ಯ ಗಣೇಶ್ ಅವರು 1946ರಲ್ಲಿ ಕೊಡಗಿನಲ್ಲಿ ಜನಿಸಿ, ಭೂಸೇನೆಗೆ ಸೇರಿ, ಸೇನಾಪಡೆಗಳ ತಂಡದ ಮೂಲಕ ಭಾರತದ ತಂಡಕ್ಕೆ ಬಂದವರು. 1971ರಲ್ಲಿ ಬಾರ್ಸಿಲೋನದಲ್ಲಿ ನಡೆದ ಮೊದಲನೆಯ ವಿಶ್ವಕಪ್ಪಿನಲ್ಲಿ ಕಂಚು, 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಪಡೆದ ತಂಡಗಳಲ್ಲಿ ಇವರಿದ್ದರು. 1973ರ ವಿಶ್ವಕಪ್ಪಿಗೆ ಇವರೇ ನಾಯಕರು. ಅರ್ಜುನ ಪ್ರಶಸ್ತಿ ಬಂದದ್ದೂ ಅದೇ ವರ್ಷದ್ದು. ಆಡುವ ಕಾಲ ಮುಗಿದ ಮೇಲೆ ಅವರು ರಾಷ್ಟ್ರೀಯ ತಂಡಕ್ಕೆ ತರಬೇತಿ ಕೊಟ್ಟರು. ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಹಿರಿಯ ಅಧಿಕಾರಿಯಾದರು. 2020ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಇಲ್ಲಿ ಗಮನಿಸತಕ್ಕದ್ದು ಪ್ರಶಸ್ತಿಗಳ ಪಟ್ಟಿಯನ್ನಲ್ಲ. ಗಣೇಶರಿಗೆ ಆಟದಿಂದ ಅನ್ನ ಬರಲಿಲ್ಲ. ಸೇನೆಯಿಂದ ಅನ್ನ ಬಂದಿತು, ಆಟಕ್ಕೆ ಬಿಡುವು ಬಂದಿತು. ಮಾನಸೋಲ್ಲಾಸದ ಮಲ್ಲನಿಗೂ ಇವರಿಗೂ ಇರುವ ವ್ಯತ್ಯಾಸವೆಂದರೆ, ಮೈಯ ಬಲ ಇಳಿದ ಮೇಲೆ ಇವರ ಅನುಭವಕ್ಕೆ ಬೇರೊಂದು ಪೀಠ ಸಿಕ್ಕಿತು.

1973ರ ಆ ವಿಶ್ವಕಪ್ಪಿನ ಅಂತಿಮ ಪಂದ್ಯ ಹಾಲೆಂಡಿನ ಆಮ್ಸ್ಟೆಲ್ವೀನ್‌ನಲ್ಲಿ ನಡೆಯಿತು. ಎದುರಾಳಿಗಳೂ ಹಾಲೆಂಡಿನವರೇ. ಭಾರತದವರು ಮೊದಲಿಗೇ ಎರಡು ಗೋಲು ಹೊಡೆದರು. ಅವರು ಎರಡನ್ನೂ ತೀರಿಸಿ ಸಮ ಮಾಡಿದರು. ಹೆಚ್ಚುವರಿ ವೇಳೆಯಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ದೊರೆಯಿತು. ಯಾವ ತಂಡ ಮೊದಲು ಗೋಲು ಹೊಡೆಯುವುದೋ ಅದಕ್ಕೇ ಜಯವೆಂಬ ನಿಯಮ. ಹೊಡೆಯಲು ನಿಂತವರು ಸೋಮವಾರಪೇಟೆಯ ಬಿ. ಪಿ. ಗೋವಿಂದ, ಇಪ್ಪತ್ತೆರಡು ವರ್ಷದ ತರುಣ. ಹೊಡೆತವನ್ನು ಗೋಲುರಕ್ಷಕ ತಡೆದ. ಕೊನೆಗೆ ಪೆನಾಲ್ಟಿ ಸ್ಟ್ರೋಕುಗಳಲ್ಲಿಯೇ ತೀರ್ಮಾನವಾಗಿ ಭಾರತ ಸೋತಿತು. ಒಂದೇ ಒಂದು ಹೊಡೆತ. ಅದರ ಹಿಂದೆ ಒಂದು ದೇಶದ ಕಣ್ಣು! ಸಂಘದ ಒಪ್ಪಂದದ ಮೇಲೆ ಬದುಕುವ ಆಟಗಾರನಿಗೆ ಇಂಥ ಒಂದು ದಿನ ಮುಂದಿನ ವರ್ಷದ ಸಂಬಳವನ್ನೇ ಕಡಿದುಹಾಕಬಹುದಾಗಿತ್ತು. ಗೋವಿಂದರು ಉಳಿದರು. ಎರಡು ವರ್ಷಗಳ ಅನಂತರ, 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಭಾರತ ವಿಶ್ವಕಪ್ಪನ್ನು ಗೆದ್ದ ತಂಡದಲ್ಲಿ ಅವರಿದ್ದರು. ಅರ್ಜುನ ಪ್ರಶಸ್ತಿಯೂ ಬಂದಿತು. ತಪ್ಪಿದವನಿಗೆ ಎರಡನೆಯ ಸಲ ಆಡುವ ಅವಕಾಶವಿರುವ ವ್ಯವಸ್ಥೆ ಒಳ್ಳೆಯ ವ್ಯವಸ್ಥೆಯೆಂದೇ ನನ್ನ ಭಾವನೆ. ಇದು ಪಾಠದ ಕೊಠಡಿಗೂ ಸಲ್ಲುವ ಮಾತು.

1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹುಲ್ಲಿನ ನೆಲ ಹೋಗಿ ಕೃತಕ ಹಾಸು ಬಂದಿತು. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಮಣ್ಣಿನ ಮೈದಾನದಲ್ಲಿ ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ಆಡಿಸುವ ನಮ್ಮವರ ಜಾಣ್ಮೆಗಿಂತ ಓಟದ ವೇಗಕ್ಕೂ ದೇಹದ ತ್ರಾಣಕ್ಕೂ ಬೆಲೆ ಏರಿತು. ಹಾಸಿಗೆ ಹಣ ಬೇಕು, ನೀರು ಬೇಕು. ಬಡದೇಶದ ಆಟ ಸಿರಿವಂತರ ಅಂಗಳಕ್ಕೆ ಹೋಯಿತೆಂದು ಹಳಬರು ಮರುಗುವುದು ಸುಳ್ಳಲ್ಲ.

ಆ ಹೊಸ ಹಾಸಿನ ಕಾಲದಲ್ಲಿ ಬಂದವರು ಮನೆಯಪಂಡ ಮುತ್ತಣ್ಣ ಸೋಮಯ್ಯ. 1980ರ ಮಾಸ್ಕೋ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಸ್ಪೇನ್ ದೇಶವನ್ನು 4–3ರಿಂದ ಗೆದ್ದು ಚಿನ್ನ ಪಡೆದ ತಂಡದಲ್ಲಿ ಇದ್ದ ಇವರು, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿಯೂ ಆಡಿ, 1988ರ ಸೋಲ್ ಒಲಿಂಪಿಕ್ಸಿನಲ್ಲಿ ಭಾರತದ ನಾಯಕರಾಗಿದ್ದರು. ಅವರ ಆಶ್ರಯ ಸೇನೆಯಲ್ಲ, ಮುಂಬಯಿಯ ಭಾರತ್ ಪೆಟ್ರೋಲಿಯಂ ಸಂಸ್ಥೆ. ಇಲ್ಲಿ ಒಂದು ಸೂಕ್ಷ್ಮವಿದೆ. ತೈಲ ಸಂಸ್ಥೆಯು ತನ್ನ ತಂಡಕ್ಕಾಗಿ ಆಟಗಾರನನ್ನು ನೇಮಿಸಿಕೊಳ್ಳುತ್ತದೆ. ಆದರೆ ನೇಮಕ ಪತ್ರದಲ್ಲಿ ಅವನು ಆಟಗಾರನಲ್ಲ, ಉದ್ಯೋಗಿ. ಆಡುವಷ್ಟು ವರ್ಷ ಆಡಿ, ಮುಪ್ಪು ಕಾಲಿಗೆ ಬಂದಾಗ ಮೇಜಿನ ಮುಂದೆ ಕುಳಿತುಕೊಳ್ಳಬಹುದು. ಕುಳಿತ ಮೇಲೆ ಅಲ್ಲಿನ ಕೆಲಸ ಗೊತ್ತಿರಬೇಕಲ್ಲ? ವಿದ್ಯೆಯ ಪ್ರಶ್ನೆ ಬರುವುದು ಅಲ್ಲಿಯೇ. ಓದನ್ನು ಕೈಬಿಡದ ಆಟಗಾರ ಅಧಿಕಾರಿಯಾಗುತ್ತಾನೆ. ಬಿಟ್ಟವನು ಅದೇ ಕಚೇರಿಯಲ್ಲಿ ತನಗಿಂತ ಕಿರಿಯರ ಕೈಕೆಳಗೆ ಹಳೆಯ ಪದಕದ ಮಾತನಾಡುತ್ತ ದಿನ ನೂಕುತ್ತಾನೆ.

ಮೂರನೆಯ ತಲೆಮಾರಿಗೆ ಎಸ್. ವಿ. ಸುನಿಲ್ ಅವರನ್ನು ತೆಗೆದುಕೊಳ್ಳುತ್ತೇನೆ. 1989ರಲ್ಲಿ ಜನಿಸಿದ ಇವರ ಹೆಸರಿನಲ್ಲಿಯೇ ಸೋಮವಾರಪೇಟೆಯೂ ತಂದೆ ವಿಠಲಾಚಾರ್ಯರೂ ಇದ್ದಾರೆ. ಸಿರಿವಂತರ ಮನೆಯಲ್ಲ; ಹಾಕಿ ಕೋಲು ಕೊಳ್ಳಲಾಗದೆ ಬಿದಿರಿನ ಕೋಲಿನಿಂದ ಆಡಿದ ಬಾಲ್ಯ. 2007ರಲ್ಲಿ ಭಾರತದ ತಂಡಕ್ಕೆ ಬಂದು ಅದೇ ವರ್ಷ ಏಷ್ಯಾ ಕಪ್ ಗೆದ್ದ ತಂಡದಲ್ಲಿದ್ದರು. 2009ರಲ್ಲಿ ಮಲೇಷ್ಯಾದ ಅಜ್ಲಾನ್ ಷಾ ಕಪ್ ಪಂದ್ಯಾವಳಿಯ ನಡುವೆ, ಆಟಕ್ಕೆ ಕೆಲವೇ ಗಂಟೆಗಳ ಮೊದಲು, ತಂದೆ ತೀರಿಕೊಂಡ ಸುದ್ದಿ ಬಂದಿತು. ಇಪ್ಪತ್ತು ತುಂಬದ ಹುಡುಗ ಅಲ್ಲಿಯೇ ಉಳಿದು ಆಡಿದ. ಭಾರತ ಆ ಕಪ್ಪನ್ನು ಗೆದ್ದಿತು. ಈ ಪ್ರಸಂಗವನ್ನು ತ್ಯಾಗವೆಂದು ಕೊಂಡಾಡುವುದು ರೂಢಿ. ನನಗಾದರೋ ಇದರಲ್ಲಿ ಆಟದ ವೃತ್ತಿ ಕೇಳುವ ಬೆಲೆಯೇ ಹೆಚ್ಚಾಗಿ ಕಾಣುತ್ತದೆ. ಬೇರೆ ಯಾವ ಉದ್ಯೋಗದಲ್ಲಿ ಆ ದಿನ ರಜೆಯ ಪ್ರಶ್ನೆ ಏಳುತ್ತಿತ್ತು?

2012ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಎಲ್ಲ ಪಂದ್ಯಗಳನ್ನೂ ಸೋತು ಹನ್ನೆರಡನೆಯದಾಗಿ, ಎಂದರೆ ಕಟ್ಟಕಡೆಯದಾಗಿ ಬಂದಿತು. ಸುನಿಲ್ ಆ ತಂಡದಲ್ಲಿದ್ದರು. 2014ರಲ್ಲಿ ಇಂಚಿಯಾನ್ ಏಷ್ಯನ್ ಕ್ರೀಡೆಗಳಲ್ಲಿ ಪಾಕಿಸ್ತಾನವನ್ನು ಗೆದ್ದು ಚಿನ್ನ ತಂದ ತಂಡದಲ್ಲಿಯೂ ಇದ್ದರು. 2016ರಲ್ಲಿ ಏಷ್ಯಾದ ವರ್ಷದ ಆಟಗಾರರೆನಿಸಿದರು. 2017ರಲ್ಲಿ ಅರ್ಜುನ ಪ್ರಶಸ್ತಿ. 2018ರಲ್ಲಿ ಮೊಣಕಾಲಿನ ಪೆಟ್ಟು ಭುವನೇಶ್ವರದ ವಿಶ್ವಕಪ್ಪನ್ನು ಕಿತ್ತುಕೊಂಡಿತು. 41 ವರ್ಷಗಳ ಬರದ ತರುವಾಯ 2021ರ ಆಗಸ್ಟ್ ತಿಂಗಳಲ್ಲಿ ಟೋಕಿಯೋದಲ್ಲಿ ಭಾರತಕ್ಕೆ ಒಲಿಂಪಿಕ್ ಕಂಚು ದೊರೆತಾಗ ಅವರು ತಂಡದಲ್ಲಿ ಇರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ, 264 ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿ 72 ಗೋಲು ಹೊಡೆದು, ನಿವೃತ್ತಿ ಘೋಷಿಸಿದರು. ವಯಸ್ಸು ಮೂವತ್ತೆರಡು. ನಮ್ಮ ಸೀಮೆಯಲ್ಲಿ ಆ ವಯಸ್ಸಿಗೆ ಅನೇಕರು ಕಾಯಂ ಕೆಲಸದ ಹೊಸ್ತಿಲಲ್ಲಿ ನಿಂತಿರುತ್ತಾರೆ, ಆಟಗಾರ ನಿವೃತ್ತನಾಗಿರುತ್ತಾನೆ.

ಸುನಿಲರ ಕಾಲಕ್ಕೆ ಕೆನಡಾದ ಮಾದರಿಯ ವೃತ್ತಿಯೂ ನಮ್ಮಲ್ಲಿ ಕಾಲಿಟ್ಟಿತ್ತು. 2005ರಿಂದ 2008ರವರೆಗೆ ನಡೆದ ಪ್ರೀಮಿಯರ್ ಹಾಕಿ ಲೀಗಿನಲ್ಲಿ ಬೆಂಗಳೂರಿನ ತಂಡವಿತ್ತು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಆರಂಭವಾದಾಗ ಆಟಗಾರರನ್ನು ಹರಾಜಿನಲ್ಲಿ ಕೊಂಡರು. ನಮ್ಮ ಕಡೆಯವರು ಹರಾಜೆಂಬ ಶಬ್ದವನ್ನು ಮಂಡಿಯ ಮಾಲಿಗೆ ಮಾತ್ರ ಕೇಳಿ ಬಲ್ಲವರು. ಮನುಷ್ಯರಿಗೆ ಅದನ್ನು ಬಳಸುವುದು ನನ್ನ ಕಿವಿಗೆ ಇಂದಿಗೂ ಹಿತವಾಗಿಲ್ಲ. ಹಾಗಿದ್ದರೂ ಕೆಲವು ವಾರಗಳ ಆಟಕ್ಕೆ ಬಂದ ಹಣ ಅನೇಕ ಆಟಗಾರರ ಮನೆ ಕಟ್ಟಿಸಿತು, ತಂಗಿಯರ ಮದುವೆ ಮಾಡಿಸಿತು ಎಂಬುದನ್ನು ಅಲ್ಲಗಳೆಯಲಾಗದು. ಸುನಿಲರು ಪಂಜಾಬಿನ ತಂಡಕ್ಕೆ ಆಡಿದರು. ಆ ಲೀಗಿನಲ್ಲಿ ಕರ್ನಾಟಕದ ಹೆಸರಿನ ತಂಡವೇ ಇರಲಿಲ್ಲ. 2017ರ ಬಳಿಕ ಲೀಗ್ ನಿಂತುಹೋಯಿತು. ಅದು ಮತ್ತೆ ಆರಂಭವಾದದ್ದು 2024ರ ಡಿಸೆಂಬರಿನಲ್ಲಿ. ಆಗಿನ ಎಂಟು ಪುರುಷರ ತಂಡಗಳಲ್ಲಿಯೂ ಕರ್ನಾಟಕದ ಹೆಸರಿಲ್ಲ. ಹದಿನೈದು ವರ್ಷದ ಆಯುಷ್ಯವಿರುವ ವೃತ್ತಿಯಲ್ಲಿ ಏಳು ವರ್ಷ ಸಂತೆಯೇ ಮುಚ್ಚಿದರೆ ಗತಿಯೇನು? ಲೀಗನ್ನೇ ನಂಬಿದ್ದವನ ಗತಿ ಕಂಪನಿ ಮುಚ್ಚಿದ ನಟನದು. ಸುನಿಲರಿಗೆ, ಸೋಮಯ್ಯನವರಿಗೆ ಇದ್ದಂತೆಯೇ, ಭಾರತ್ ಪೆಟ್ರೋಲಿಯಮ್ಮಿನ ಉದ್ಯೋಗವಿತ್ತು. ಹಳೆಯ ಅರ್ಥದ ‘ವೃತ್ತಿ’ ಕೈಹಿಡಿಯಿತು.

ಕೊಡಗಿನವರು ಸರ್ಕಾರವನ್ನಾಗಲಿ ಲೀಗನ್ನಾಗಲಿ ಕಾಯದೆ ಮಾಡಿಕೊಂಡ ಒಂದು ಏರ್ಪಾಡನ್ನು ಹೇಳದಿದ್ದರೆ ಲೋಪವಾದೀತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ನಡುವೆ ಹಾಕಿ ಪಂದ್ಯಾವಳಿ ಮೊದಲಾಯಿತು. ಆ ವರ್ಷ 60 ಮನೆತನಗಳ ತಂಡಗಳು. 2024ರಲ್ಲಿ ನಾಪೋಕ್ಲಿನಲ್ಲಿ 360. ವರ್ಷಕ್ಕೊಂದು ಮನೆತನ ಅತಿಥೇಯರಾಗುತ್ತದೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವುದುಂಟು. ಇದರಲ್ಲಿ ಸಂಬಳವಿಲ್ಲ, ಹರಾಜಿಲ್ಲ. ಆಟಗಾರರು ಮೊಳೆಯುವ ಮಣ್ಣು ಇದೇ ಎಂಬುದು ಮಾತ್ರ ನಿಶ್ಚಯ.

ನಮ್ಮ ನಲ್ಲೂರಿನ ಮಾತಿಗೆ ಬಂದರೆ, ಇಲ್ಲಿ ಹಾಕಿಯ ಸಂಪ್ರದಾಯವಿಲ್ಲ. ಕಬಡ್ಡಿ, ಖೋಖೋ, ವಾಲಿಬಾಲುಗಳದು ರಾಜ್ಯಭಾರ. ಕಬಡ್ಡಿಗೆ 2014ರಿಂದ ಹಣದ ಲೀಗು ಬಂದಿರುವುದರಿಂದ ಹುಡುಗರ ಕಣ್ಣು ಅತ್ತ ಹೊರಳಿರುವುದು ಸಹಜ. ಯಾವ ಆಟವಾದರೂ ಲೆಕ್ಕ ಒಂದೇ: ಹದಿನೈದರಿಂದ ಮೂವತ್ತೆರಡರವರೆಗೆ ಮೈ ದುಡಿಯುತ್ತದೆ, ಮೂವತ್ತೆರಡರಿಂದ ಅರವತ್ತರವರೆಗೆ ಆ ದುಡಿಮೆಯ ಜೊತೆಗೆ ಗಳಿಸಿಕೊಂಡದ್ದು ದುಡಿಯಬೇಕು. ಹುಡುಗನು ವಸತಿನಿಲಯಕ್ಕೆ ಹೋಗಲಿ. ಅಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಪಂದ್ಯದ ನೆಪದಲ್ಲಿ ಮುಂದೂಡದಂತೆ ಪಾಲಕರೂ ಶಿಕ್ಷಕರೂ ಹಟ ಹಿಡಿಯಲಿ. ಹಾಕಿಗೆ ಕೃತಕ ಹಾಸು ನಮ್ಮ ಶಕ್ತಿಗೆ ಮೀರಿದ್ದು. ಆದರೆ 91 ಮೀಟರ್ ಉದ್ದ, 55 ಮೀಟರ್ ಅಗಲದ ಸಮತಟ್ಟಾದ ನೆಲದಿಂದ ಕಲ್ಲು ಆರಿಸಿಹಾಕುವುದು, ಎರಡು ಡಜನ್ ಕೋಲು ಕೊಡಿಸುವುದು ದಾನಿಗಳಿಗೆ ಅಸಾಧ್ಯವಲ್ಲ. ಬಿದಿರಿನ ಕೋಲಿನ ಹುಡುಗನಿಗೆ ನಿಜವಾದ ಕೋಲು ಎರಡು ವರ್ಷ ಮೊದಲೇ ಸಿಕ್ಕಂತಾದೀತು.

ಇನ್ನೊಂದು ಸಣ್ಣ ವಿಷಯ, ಕಚೇರಿಯ ಕೆಲಸಕ್ಕೆ ಸೇರಿದ್ದು. ಕೇಂದ್ರ ಸರ್ಕಾರದ ಇಲಾಖೆಗಳಲ್ಲಿ ಕ್ರೀಡಾಪಟುಗಳಿಗೆ ಇರುವ ನೇಮಕಾತಿಯ ಅವಕಾಶಕ್ಕೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯವನ್ನು ಪ್ರತಿನಿಧಿಸಿದ ಪ್ರಮಾಣಪತ್ರವೂ ಆಧಾರವಾಗುತ್ತದೆ. ಅದರಲ್ಲಿ ಹೆಸರು, ಜನ್ಮದಿನಾಂಕಗಳು ಶಾಲೆಯ ದಾಖಲಾತಿ ಪುಸ್ತಕದಲ್ಲಿರುವಂತೆಯೇ ಇರಬೇಕು. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬರೆಯುವ ನಮ್ಮ ಅಭ್ಯಾಸದಿಂದ ಮುಂದೆ ತೊಡಕಾಗುವುದುಂಟು. ಹುಡುಗನನ್ನು ಬಸ್ಸು ಹತ್ತಿಸುವ ಮೊದಲು ಗುಮಾಸ್ತರೂ ವ್ಯಾಯಾಮ ಶಿಕ್ಷಕರೂ ಒಟ್ಟಿಗೆ ಕುಳಿತು ಆ ಎರಡು ಕಾಗದಗಳನ್ನು ಒಂದಕ್ಕೊಂದು ತಾಳೆ ನೋಡುವುದು ಒಳಿತು.